ಕೊನೆಯ ಇಪ್ಪತ್ತು ಸಾಲು

ನನ್ನ ಕೆಲಸ ಏನೆಂಬುದು ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಇನ್ನೂ ಯಾರಿಗೂ ಸರಿಯಾಗಿ ತಿಳಿದಿಲ್ಲ. ಮನೆಯಲ್ಲೇ ಕುಳಿತು ಕಪ್ಪು ಪರದೆಯ ಮೇಲೆ ಸರಿಯುವ ಬಿಳಿ ಅಕ್ಷರ ನೋಡುವವಳಿಗೆ ಪಗಾರ ಕೊಡುವ ಮಂದಿ ಇದ್ದಾರೆಂದರೆ ಎದುರುಮನೆಯ ಕಾಕೂ ಒಪ್ಪುವುದಿಲ್ಲ. “ದಿನಾ ಅದೇನ್ ಓದ್ತೀಯವ್ವಾ ಅಷ್ಟೊತ್ತು?” ಎನ್ನುತ್ತಾರೆ. “ಸರ್ವರ್ ಬರದ ರೋಜನಾಮೆ, ಕಾಕೂ.” “ಅದಕ್ಕೇನ್ ಬರಿಯೂದು ಇರ್ತೈತಿ?”

ಬಹಳ ಇರುತ್ತದೆ. ಸರ್ವರ್ ಎಂದರೆ ಹಗಲು ರಾತ್ರಿ ಎನ್ನದೆ ಎಚ್ಚರವಿದ್ದು, ಬೇರೆ ಕಂಪ್ಯೂಟರು, ಮೊಬೈಲುಗಳು ಕೇಳಿದ್ದನ್ನು ಕೊಡುವ ಕಂಪ್ಯೂಟರ್. ನೀವು ಫೋನಿನಲ್ಲಿ ಪಹಣಿ ನೋಡಿದಾಗ, ರೈಲಿನ ಟಿಕೆಟ್ ತೆಗೆದಾಗ, ಎಲ್ಲೋ ಒಂದು ಸರ್ವರಿನ ಲಾಗ್ ಫೈಲಿನಲ್ಲಿ ಸಾಲೊಂದು ಬೀಳುತ್ತದೆ. ಎಷ್ಟು ಹೊತ್ತಿಗೆ, ಯಾವ ವಿಳಾಸದಿಂದ, ಏನು ಕೇಳಿದರು, ಕೊಟ್ಟೆನೋ ಇಲ್ಲವೋ. ಕೊಟ್ಟರೆ 200, ಕೇಳಿದ್ದು ತನ್ನಲ್ಲಿ ಇಲ್ಲದಿದ್ದರೆ 404, ತನ್ನ ಹೊಟ್ಟೆಯೊಳಗೇ ಏನೋ ಕೆಟ್ಟಿದ್ದರೆ 500. ಹೊಸ ಸಾಲು ಯಾವಾಗಲೂ ಹಳೆಯದರ ಕೆಳಗೆ ಬಂದು ಕೂರುತ್ತದೆ. ಹಾಗಾಗಿ ನಮ್ಮಂಥವರಿಗೆ ಬೇಕಾದದ್ದು ಫೈಲಿನ ತಲೆಯಲ್ಲ, ಬಾಲ.

ಈ ಬಾಲವನ್ನು ದೂರದಿಂದಲೇ ಓದುವುದು ಹೇಗೆ, ಓದಿದ್ದನ್ನು ಎಷ್ಟು ನಂಬಬೇಕು ಎಂಬುದು ಕಂಪ್ಯೂಟರಿನವರ ಒಳಮನೆಯ ಮಾತು ಎಂದು ನಾನೂ ಅಂದುಕೊಂಡಿದ್ದೆ, ತಿಕೋಟಾದ ನಮ್ಮ ಮಾಮಾ ಅದನ್ನು ದ್ರಾಕ್ಷಿ ಪಡಕ್ಕೆ ಎಳೆದು ತರುವವರೆಗೆ.

ತಿಕೋಟಾ ಇರುವುದು ವಿಜಯಪುರದಿಂದ ಅಥಣಿ ರಸ್ತೆಯಲ್ಲಿ, ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಬಬಲೇಶ್ವರದ ಕಡೆಯವರೆಗೂ ದ್ರಾಕ್ಷಿಯ ಸೀಮೆ. ಏಪ್ರಿಲಿನಲ್ಲಿ ಒಮ್ಮೆ ಚಾಟಣಿ, ಎಂದರೆ ಬಳ್ಳಿ ಸವರುವುದು, ಅಕ್ಟೋಬರಿನ ಹೊತ್ತಿಗೆ ಇನ್ನೊಮ್ಮೆ. ಎರಡನೆಯ ಚಾಟಣಿ ಆಗಿ ಚಿಗುರು ಒಡೆದು ಗೊನೆ ಕಾಣುವ ದಿನಗಳಲ್ಲಿ ಬೆಳೆಗಾರರಿಗೆ ನಿದ್ದೆ ಇರುವುದಿಲ್ಲ. ಡೌನಿ ರೋಗದ ಬೀಜಕಣಕ್ಕೆ ಎಲೆಯ ಮೇಲೆ ನೀರಿನ ಪದರ ಬೇಕು. ಆ ನೀರಿನಲ್ಲಿ ಈಜಿಕೊಂಡೇ ಅದು ಎಲೆಯ ಉಸಿರುರಂಧ್ರ ಸೇರುತ್ತದೆ. ಮಳೆಯೇ ಬರಬೇಕೆಂದಿಲ್ಲ, ಮಂಜು ಬಿದ್ದರೂ ಸಾಕು. ಎಲೆ ಎಷ್ಟು ಹೊತ್ತು ಹಸಿಯಾಗಿತ್ತು ಎಂದು ತಿಳಿದರೆ ಔಷಧ ಹೊಡೆಯುವುದೋ ಬಿಡುವುದೋ ತೀರ್ಮಾನಿಸಬಹುದು. ಸುಮ್ಮನೆ ಹೊಡೆದರೆ ದುಡ್ಡೂ ದಂಡ, ಹಣ್ಣಿನಲ್ಲಿ ಔಷಧದ ಅಂಶವೂ ಉಳಿಯುತ್ತದೆ.

ಅದಕ್ಕೇ ಈಗ ಪಡಗಳಲ್ಲಿ ಕಂಬ ನೆಟ್ಟು ಸಣ್ಣ ಹವಾಮಾನ ಯಂತ್ರ ಕೂರಿಸುತ್ತಾರೆ. ಸೌರಫಲಕ, ಒಂದು ಸಿಮ್ ಕಾರ್ಡು, ಉಷ್ಣ ಮತ್ತು ಗಾಳಿಯ ತೇವ ಅಳೆಯುವ ಡಬ್ಬಿ, ಜತೆಗೆ ಎಲೆಯ ಹಾಗೆ ಓರೆಯಾಗಿ ಚಾಚಿದ ಒಂದು ಪಟ್ಟಿ. ಪಟ್ಟಿಯ ಮೇಲೆ ಲೋಹದ ಗೆರೆಗಳಿರುತ್ತವೆ; ನೀರು ಬಿದ್ದರೆ ಗೆರೆಯಿಂದ ಗೆರೆಗೆ ವಿದ್ಯುತ್ ಸರಾಗವಾಗಿ ಹಾಯುತ್ತದೆ, ಅದರಿಂದ ಹಸಿಯೋ ಒಣವೋ ಗೊತ್ತಾಗುತ್ತದೆ. ಮಾಮಾನ ಯಂತ್ರ ಹದಿನೈದು ನಿಮಿಷಕ್ಕೊಂದು ಸಾಲು ಕಳಿಸುತ್ತದೆ. ಅದು ಹೋಗಿ ಬೀಳುವುದು ಮುಂಬಯಿಯಲ್ಲಿರುವ ಬಾಡಿಗೆಯ ಸರ್ವರಿನ ಒಂದು ಫೈಲಿನಲ್ಲಿ. ಹತ್ತಾರು ಪಡಗಳ ಲೆಕ್ಕ ಅದೇ ಸರ್ವರಿನಲ್ಲಿ, ಪಡಕ್ಕೊಂದು ಫೈಲಿನಂತೆ, ಸೇರುತ್ತಾ ಹೋಗುತ್ತದೆ. ಒಂದೇ ಯಂತ್ರ ಎಂದರೂ ದಿನಕ್ಕೆ 96 ಸಾಲು, ವರ್ಷಕ್ಕೆ ಮೂವತ್ತೈದು ಸಾವಿರ.

“ಯವ್ವಾ, ಹಳೇ ಪುರಾಣ ನನಗ ಬ್ಯಾಡ. ಈಗ ಎಲಿ ಹಸಿ ಐತೋ ಒಣಗೇತೋ, ಅಷ್ಟ ಹೇಳು” ಎಂದರು ಮಾಮಾ. ಈ ಒಂದು ‘ಈಗ’ ನನ್ನ ತಲೆ ತಿಂದದ್ದು ಕಡಿಮೆಯಲ್ಲ.

ದಡ್ಡ ದಾರಿ ಮೊದಲು ಹೇಳುತ್ತೇನೆ, ಏಕೆಂದರೆ ಬಹಳ ಜನ ಹಿಡಿಯುವುದು ಅದನ್ನೇ. ಇಡೀ ಫೈಲನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ತೆರೆದು, ಕೊನೆಗೆ ಉರುಳಿಸಿ ನೋಡುವುದು. ಫೈಲು ಎರಡು ಜಿಬಿ ಇದ್ದರೆ ಎರಡು ಜಿಬಿ ಡೇಟಾ ಖರ್ಚು. ನೋಡಿದ್ದು ಎರಡು ಕೆಬಿ. ಇಳಿದು ಮುಗಿಯುವಷ್ಟರಲ್ಲಿ ಅಲ್ಲಿ ಹೊಸ ಸಾಲುಗಳು ಬಿದ್ದಿರುತ್ತವೆ, ನಮ್ಮದು ಆಗಲೇ ಹಳತು.

ಸರಿಯಾದ ದಾರಿ ಎಂದರೆ ಕೆಲಸವನ್ನು ಫೈಲು ಇರುವಲ್ಲಿಯೇ ಮಾಡಿಸಿ, ಉತ್ತರವನ್ನಷ್ಟೇ ತರಿಸಿಕೊಳ್ಳುವುದು. ಇದಕ್ಕೆ ಎರಡು ಹಳೆಯ ಸಲಕರಣೆಗಳಿವೆ. ಒಂದು ಟೇಲ್ ಎಂಬ ಆಜ್ಞೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸಿನ ಯುನಿಕ್ಸ್ ಕಂಪ್ಯೂಟರುಗಳಲ್ಲಿ ಹುಟ್ಟಿದ್ದು, ಇವತ್ತಿಗೂ ಪ್ರತಿಯೊಂದು ಲಿನಕ್ಸ್ ಯಂತ್ರದಲ್ಲಿದೆ. ಸುಮ್ಮನೆ ಫೈಲಿನ ಹೆಸರು ಕೊಟ್ಟರೆ ಕೊನೆಯ ಹತ್ತು ಸಾಲು ತೋರಿಸುತ್ತದೆ, ಇಪ್ಪತ್ತು ಎಂದರೆ ಇಪ್ಪತ್ತು. ಇನ್ನೊಂದು ಎಸ್‌ಎಸ್‌ಎಚ್, ದೂರದ ಕಂಪ್ಯೂಟರಿನೊಳಗೆ ಸುರಕ್ಷಿತವಾಗಿ ಕಾಲಿಡುವ ದಾರಿ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚು ಹಾಕಿ ಪಾಸ್‌ವರ್ಡುಗಳನ್ನು ಕದ್ದರು. ಅದನ್ನು ಕಂಡು ಅಲ್ಲಿಯ ಟಾಟು ಯುಲೊನೆನ್ 1995ರಲ್ಲಿ ಇದನ್ನು ಬರೆದರು. ಅದಕ್ಕೂ ಮೊದಲು ದೂರದ ಯಂತ್ರಕ್ಕೆ ಕಳಿಸುವ ಪಾಸ್‌ವರ್ಡು ತಂತಿಯ ಮೇಲೆ ಬೆತ್ತಲೆಯಾಗಿ ಹೋಗುತ್ತಿತ್ತು.

ಎರಡನ್ನೂ ಜೋಡಿಸಿದರೆ ಒಂದೇ ಸಾಲಿನ ಆಜ್ಞೆ. ಎಸ್‌ಎಸ್‌ಎಚ್ ಮುಂಬಯಿಗೆ ಹೋಗುತ್ತದೆ, ಅಲ್ಲಿ ಟೇಲ್ ಓಡುತ್ತದೆ, ಇಪ್ಪತ್ತು ಸಾಲು ಜೋರಾಪುರ ಪೇಟೆಗೆ ಬರುತ್ತವೆ. ಇಂಥ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಫೈಲನ್ನೇ ಸ್ಕ್ರಿಪ್ಟ್ ಎನ್ನುವುದು. ಕ್ರಾನ್ ಎಂಬ ವೇಳಾಪಟ್ಟಿಗೆ ಅದನ್ನು ಒಪ್ಪಿಸಿದರೆ ನಾನು ಮಲಗಿದ್ದರೂ ಹೇಳಿದ ಹೊತ್ತಿಗೆ ತಾನೇ ಓಡುತ್ತದೆ. ಪಾಸ್‌ವರ್ಡು ಕೇಳಿದರೆ ಹೊಡೆಯುವವರು ಯಾರು? ಅದಕ್ಕೆ ಕೀಲಿಜೋಡಿ ಮಾಡಿಡುತ್ತೇವೆ. ಒಂದು ಅರ್ಧ ನನ್ನಲ್ಲಿ, ಇನ್ನೊಂದು ಅರ್ಧ ಸರ್ವರಿನಲ್ಲಿ. ಆ ಕೀಲಿ ಹಿಡಿದು ಬಂದವರು ಈ ಒಂದು ಫೈಲಿನ ಬಾಲ ಓದಬಹುದು, ಮತ್ತೇನೂ ಮಾಡುವಂತಿಲ್ಲ ಎಂದು ಸರ್ವರಿನಲ್ಲೇ ಕಟ್ಟುಪಾಡು ಬರೆದಿಡಬಹುದು. ನಾನು ಹಾಗೇ ಮಾಡಿದ್ದೇನೆ. ಲ್ಯಾಪ್‌ಟಾಪ್ ಕಳುವಾದರೂ ಕಳ್ಳನಿಗೆ ಸಿಗುವುದು ತಿಕೋಟಾದ ಹವೆ ಮಾತ್ರ.

ಟೇಲ್ ಕೆಲಸ ಮಾಡುವ ಬಗೆ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಕೊನೆಯ ಇಪ್ಪತ್ತು ಸಾಲು ಬೇಕೆಂದರೆ ಅದು ಮೊದಲಿನಿಂದ ಓದುತ್ತಾ ಬರುವುದಿಲ್ಲ. ಫೈಲು ಒಟ್ಟು ಎಷ್ಟು ಬೈಟ್ ಉದ್ದ ಎಂಬುದು ಡಿಸ್ಕಿನ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಟೇಲ್ ನೇರವಾಗಿ ಕೊನೆಗೆ ಜಿಗಿದು, ಅಲ್ಲಿಂದ ಕೆಲವು ಸಾವಿರ ಬೈಟ್ ಹಿಂದಕ್ಕೆ ಸರಿದು, ಆ ತುಂಡನ್ನು ಓದುತ್ತದೆ. ಓದಿದ್ದರಲ್ಲಿ ಸಾಲು ಮುಗಿಯುವ ಗುರುತುಗಳನ್ನು ಕೊನೆಯಿಂದ ಎಣಿಸುತ್ತದೆ. ಇಪ್ಪತ್ತು ಸಾಲು ಸಿಕ್ಕವೋ, ಅಲ್ಲಿಂದ ಮುಂದಿನದನ್ನು ತೋರಿಸಿ ಮುಗಿಸುತ್ತದೆ. ಸಿಗಲಿಲ್ಲವೋ, ಇನ್ನೊಂದು ತುಂಡು ಹಿಂದಕ್ಕೆ. ಹೀಗಾಗಿ ಫೈಲು ಎರಡು ಕೆಬಿ ಇರಲಿ, ಇಪ್ಪತ್ತು ಜಿಬಿ ಇರಲಿ, ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ.

ಬಿಡದೆ ಹಿಂಬಾಲಿಸು ಎಂದೂ ಅದಕ್ಕೆ ಹೇಳಬಹುದು. ಹೊಸ ಸಾಲು ಬಿದ್ದ ಹಾಗೆಲ್ಲ ನಮ್ಮ ಪರದೆಯ ಮೇಲೂ ಬೀಳುತ್ತದೆ. ಮೊದಲು ಅದು ಸೆಕೆಂಡಿಗೊಮ್ಮೆ ಫೈಲು ಬೆಳೆದಿದೆಯೇ ಎಂದು ಇಣುಕುತ್ತಿತ್ತು. ಈಗ ಲಿನಕ್ಸಿನಲ್ಲಿ ಫೈಲು ಬದಲಾದಾಗ ವ್ಯವಸ್ಥೆಯೇ ತಟ್ಟಿ ಎಬ್ಬಿಸುತ್ತದೆ. ಕಾಕೂಗೆ ಕಿಟಕಿಯಿಂದ ಕಾಣುವ, ಸರಿಯುವ ಬಿಳಿ ಅಕ್ಷರ ಇದೇ. ನನ್ನ ನೌಕರಿಯ ಅರ್ಧ ಭಾಗ ಇದರಲ್ಲೇ ಹೋಗುತ್ತದೆ.

ಕೆಲವು ಸರ್ವರುಗಳಲ್ಲಿ ಒಳಗೆ ಕಾಲಿಡುವ ಅಧಿಕಾರ ನಮಗಿರುವುದಿಲ್ಲ, ಫೈಲು ಮಾತ್ರ ವೆಬ್ ವಿಳಾಸವೊಂದರಲ್ಲಿ ಸಿಗುತ್ತದೆ. ಅಲ್ಲಿಯೂ ದಾರಿ ಉಂಟು. ವೆಬ್ಬಿನ ವ್ಯವಹಾರದ ಎಚ್‌ಟಿಟಿಪಿ ನಿಯಮಗಳಲ್ಲಿ 1997ರಿಂದಲೇ ತುಂಡು ಕೇಳುವ ಸೌಲಭ್ಯ ಸೇರಿದೆ: ಇಡೀ ಫೈಲು ಬೇಡ, ಕೊನೆಯ 500 ಬೈಟ್ ಕೊಡು ಎನ್ನಬಹುದು. ಒಪ್ಪಿದ ಸರ್ವರು 206 ಎಂಬ ಸಂಖ್ಯೆಯೊಂದಿಗೆ ಅಷ್ಟನ್ನೇ ಕೊಡುತ್ತದೆ. ಒಪ್ಪದ ಸರ್ವರು ಮಾತು ಕೇಳಿಸಲೇ ಇಲ್ಲವೆಂಬಂತೆ 200 ಎಂದು ಹೇಳಿ ಎರಡು ಜಿಬಿಯನ್ನೂ ಸುರಿಯತೊಡಗುತ್ತದೆ. ಸ್ಕ್ರಿಪ್ಟು ಮೊದಲು ಆ ಸಂಖ್ಯೆ ನೋಡಿ, 206 ಅಲ್ಲದಿದ್ದರೆ ಅಲ್ಲೇ ಕೊಂಡಿ ಕಳಚಬೇಕು.

ಬಾಲ ಮುಖ್ಯವಾಗುವುದು ಲಾಗ್ ಫೈಲಿಗೆ ಮಾತ್ರ ಅಲ್ಲ. ಫಿಲ್ ಕಾಟ್ಜ್ 1989ರಲ್ಲಿ ತಂದ ಜಿಪ್ ಕಟ್ಟಿನಲ್ಲಿ ಏನೇನು ಫೈಲುಗಳಿವೆ ಎಂಬ ಪಟ್ಟಿ ಇರುವುದು ಕಟ್ಟಿನ ಕೊನೆಗೆ. ಪಿಡಿಎಫ್ ತೆರೆಯುವ ತಂತ್ರಾಂಶವೂ ಮೊದಲು ಕೊನೆಗೆ ಹೋಗುತ್ತದೆ. ಯಾವ ವಸ್ತು ಎಷ್ಟನೆಯ ಬೈಟಿನಲ್ಲಿದೆ ಎಂಬ ಕೋಷ್ಟಕ ಎಲ್ಲಿ ಶುರುವಾಗುತ್ತದೆ ಎಂಬ ಸೂಚನೆ ಇರುವುದು ಅಲ್ಲೇ. ಬರೆಯುವವನಿಗೆ ಮುಗಿಸಿದ ಮೇಲಷ್ಟೇ ಏನು ಎಲ್ಲಿದೆ ಎಂದು ಗೊತ್ತಾಗುತ್ತದೆ, ಅದಕ್ಕೇ ಹೀಗೆ. ವಿಜಯಪುರದವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮ ಊರಿನಲ್ಲಿ ವಕೀಲಿ ಮಾಡುತ್ತಾ ತಾಡೋಲೆ ಹುಡುಕಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ತಂದರು. ವಚನ ಯಾರದೆಂದು ತಿಳಿಯಬೇಕಾದರೆ ಅವರೂ ಕೊನೆಯ ಅಂಕಿತಕ್ಕೇ ಕಣ್ಣು ಹಾಯಿಸಬೇಕಿತ್ತು. ಪಟ್ಟಿ ಕೊನೆಯಲ್ಲೇ ಇರುವುದರಿಂದ ನೂರು ಎಂಬಿಯ ಜಿಪ್ ಕಟ್ಟನ್ನು ಇಳಿಸಿಕೊಳ್ಳದೆ, ಅದರ ಕೊನೆಯ ಕೆಲವೇ ಕೆಬಿ ತರಿಸಿಕೊಂಡು ಒಳಗೇನಿದೆ ನೋಡಿ, ಬೇಕಾದ ಒಂದೇ ಫೈಲನ್ನು ಬಿಡಿಸಿಕೊಳ್ಳುವ ಸ್ಕ್ರಿಪ್ಟುಗಳಿವೆ. ನಿಧಾನ ನೆಟ್‌ವರ್ಕಿನ ಊರುಗಳಲ್ಲಿ ಇದನ್ನು ಇನ್ನೂ ಹೆಚ್ಚು ಜನ ಬಳಸಬೇಕಿತ್ತು ಎಂದು ನನಗೆ ಅನಿಸುವುದುಂಟು.

ತರಿಸಿಕೊಳ್ಳುವುದು ಇಷ್ಟು ಸಲೀಸು. ತೊಡಕು ಇರುವುದು ನಂಬುವುದರಲ್ಲಿ.

ಮೊದಲ ತೊಡಕು ಅಕ್ಷರದ್ದು, ಅದೂ ಕನ್ನಡದವರದೇ. ಮಾಮಾನ ಯಂತ್ರದ ಸಾಲಿನಲ್ಲಿ ಊರಿನ ಹೆಸರು ಕನ್ನಡದಲ್ಲೇ ಇರಲಿ ಎಂದು ನಾನು ಹಟ ಹಿಡಿದೆ. ಇಂಗ್ಲಿಷಿನ ಅಕ್ಷರ ಒಂದಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಗುಣಿತದ ಗುರುತಿಗೆ ಬೇರೆ ಮೂರು. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ತಿಕೋಟಾ’ ಡಿಸ್ಕಿನಲ್ಲಿ 18 ಬೈಟ್ ಹಿಡಿಯುತ್ತದೆ. ಸಾಲಿನ ಲೆಕ್ಕದಲ್ಲಿ ಕೇಳಿದರೆ ತೊಂದರೆಯಿಲ್ಲ. ಆದರೆ ವೆಬ್ಬಿನ ದಾರಿಯಲ್ಲಿ ಕೇಳಬೇಕಾದದ್ದು ಬೈಟಿನ ಲೆಕ್ಕದಲ್ಲೇ, ಕತ್ತರಿ ಅಕ್ಷರದ ನಡುವೆ ಬಿದ್ದರೆ ಮೊದಲಿಗೆ ಕರಿ ವಜ್ರದೊಳಗಿನ ಪ್ರಶ್ನೆಚಿಹ್ನೆ ಬಂದು ಕೂರುತ್ತದೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಯುಟಿಎಫ್-8 ಅನ್ನು ರೂಪಿಸಿದಾಗ ಇದಕ್ಕೊಂದು ಪರಿಹಾರವನ್ನೂ ಇಟ್ಟರು: ಅಕ್ಷರದ ಮೊದಲ ಬೈಟಿಗೂ ನಡುವಿನ ಬೈಟಿಗೂ ಬೇರೆ ಬೇರೆ ಗುರುತು. ಎಲ್ಲಿ ಕತ್ತರಿಸಿದರೂ ಒಂದೆರಡು ಬೈಟ್ ಅತ್ತಿತ್ತ ಸರಿದರೆ ಅಕ್ಷರದ ಶುರು ಸಿಗುತ್ತದೆ. ನಾನು ಅಷ್ಟು ನಾಜೂಕಿಗೆ ಹೋಗುವುದಿಲ್ಲ. ಬೇಕಾದ್ದಕ್ಕಿಂತ ತುಸು ಹೆಚ್ಚು ಕೇಳಿ, ಮೊದಲ ಅರ್ಧ ಸಾಲನ್ನು ಪೂರ್ತಿ ಬಿಸಾಡುತ್ತೇನೆ.

ಆ ಕಡೆಯ ತುದಿಯಲ್ಲೂ ಅರ್ಧ ಸಾಲು ಇರಬಹುದು. ಸರ್ವರು ಬರೆಯುತ್ತಿರುವಾಗಲೇ ನಾವು ಓದಿದರೆ ‘ಉಷ್ಣ 18.6’ ಎಂಬುದು ‘ಉಷ್ಣ 1’ ಎಂದು ಬಂದೀತು. ಒಂದು ಡಿಗ್ರಿ ಚಳಿ ಎಂದು ಓದಿ ಮಾಮಾ ಗಾಬರಿಯಾದರೆ ಬಯ್ಸಿಕೊಳ್ಳುವವಳು ನಾನು. ಸಾಲು ಮುಗಿದ ಗುರುತು ಕಾಣದ ಸಾಲನ್ನು ಲೆಕ್ಕಕ್ಕೆ ಹಿಡಿಯಬಾರದು. ಮುಂದಿನ ಸಲ ಅದು ಪೂರ್ತಿಯಾಗಿ ಸಿಗುತ್ತದೆ.

ಇನ್ನೊಂದು, ಫೈಲೇ ಬದಲಾಗುವುದು. ಲಾಗ್ ಬೆಳೆದು ಡಿಸ್ಕ್ ತುಂಬಬಾರದೆಂದು ರಾತ್ರಿ ಒಂದು ಹೊತ್ತಿಗೆ ಹಳೆಯ ಫೈಲಿಗೆ ಬೇರೆ ಹೆಸರಿಟ್ಟು ಬದಿಗೆ ಸರಿಸಿ, ಅದೇ ಹೆಸರಿನ ಖಾಲಿ ಫೈಲು ತೆರೆಯುತ್ತಾರೆ. ಹಿಂಬಾಲಿಸುತ್ತಿದ್ದ ಟೇಲ್‌ಗೆ ಇದು ಗೊತ್ತಾಗುವುದಿಲ್ಲ. ಅದು ಹಿಡಿದದ್ದು ಹಳೆಯ ಫೈಲಿನ ಬಾಲವನ್ನು; ಅಲ್ಲಿ ಇನ್ನೇನೂ ಬೀಳುವುದಿಲ್ಲ, ಪರದೆ ತಣ್ಣಗಿರುತ್ತದೆ, ನೋಡುವವರು ಎಲ್ಲ ಸುಸೂತ್ರ ಎಂದುಕೊಳ್ಳುತ್ತಾರೆ. ಹೆಸರನ್ನೇ ಹಿಡಿದು ಹಿಂಬಾಲಿಸು ಎಂದು ಹೇಳುವ ಬೇರೆ ಆಯ್ಕೆ ಟೇಲ್‌ನಲ್ಲಿದೆ, ದೊಡ್ಡಕ್ಷರದ ಎಫ್. ಸ್ಕ್ರಿಪ್ಟಿನಲ್ಲಾದರೆ ಕಳೆದ ಸಲ ಎಷ್ಟನೆಯ ಬೈಟಿನವರೆಗೆ ಓದಿದೆ ಎಂದು ಬರೆದಿಟ್ಟುಕೊಂಡು, ಈ ಸಲ ಅಲ್ಲಿಂದ ಮುಂದಕ್ಕೆ ಕೇಳುತ್ತೇನೆ. ಫೈಲಿನ ಉದ್ದ ಕಳೆದ ಸಲಕ್ಕಿಂತ ಕಡಿಮೆ ಕಂಡರೆ ಇದು ಹೊಸ ಫೈಲೇ ಸರಿ, ಮೊದಲಿನಿಂದ ಓದಬೇಕು. ಹಳೆಯದನ್ನು ಅಳಿಸಿಬಿಡುವ ಹಾಗೂ ಇಲ್ಲ: ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು, ಡೇಟಾ ಸೆಂಟರುಗಳು, ಸರಕಾರಿ ಸಂಸ್ಥೆಗಳು ಲಾಗುಗಳನ್ನು 180 ದಿನ ಕಾಯ್ದಿಡಬೇಕು.

ಗಡಿಯಾರದ ತೊಡಕು ಇನ್ನೂ ಮೋಜಿನದು. ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಸಮಯ ಬರೆಯುತ್ತವೆ, ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ಬೆಳಗಿನ 5 ಗಂಟೆ 10 ನಿಮಿಷಕ್ಕೆ, ಮಂಜು ಸರಿಯಾಗಿ ಇಳಿದಿರುವ ಹೊತ್ತಿಗೆ, ಬಿದ್ದ ಸಾಲಿನಲ್ಲಿ ಹಿಂದಿನ ದಿನದ ತಾರೀಖು ಇರುತ್ತದೆ, 23:40 ಎಂದು. ಅದನ್ನು ಹಾಗೇ ಮಾಮಾಗೆ ಕಳಿಸಿದರೆ ನಿನ್ನೆ ರಾತ್ರಿಯ ಮಾತು ಎಂದುಕೊಂಡು ಪಂಪು ಹೆಗಲಿಗೇರಿಸುವುದೇ ಇಲ್ಲ.

ಲಾಗ್ ಓದುವವರಿಗೆ ಬಾಲದ ಮೇಲೆ ಅತಿಯಾದ ಮೋಹವೂ ಒಳ್ಳೆಯದಲ್ಲ. ಸರ್ವರು ನಿಂತಾಗ ಕೊನೆಯ ಸಾಲಿನಲ್ಲಿ ಸಿಗುವುದು ನಿಂತಿತು ಎಂಬ ಸುದ್ದಿ. ನಿಂತದ್ದು ಏಕೆ ಎಂಬುದು ಹೆಚ್ಚಾಗಿ ನೂರಾರು ಸಾಲು ಮೇಲಿರುತ್ತದೆ. ಡಿಸ್ಕಿನಲ್ಲಿ ಜಾಗ ಮುಗಿಯಿತು ಎಂದು ಒಂದೇ ಒಂದು ಸಾಲು ಬರುತ್ತದೆ, ಆಮೇಲೆ ಅದರಿಂದಾದ ಗೋಳು ಪುಟಗಟ್ಟಲೆ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರು ಕೊನೆಯ ಸಾಲನ್ನು ಹಿಡಿದುಕೊಂಡು ಹೋರಾಡುತ್ತಾರೆ. ನಾನು ಅವರಿಗೆ ಮೊದಲ ದೂರು ಎಲ್ಲಿ ಶುರುವಾಯಿತೋ ಅಲ್ಲಿಗೆ ಹತ್ತಿ ಎನ್ನುತ್ತೇನೆ.

ಓದಬಾರದ್ದೂ ಕಣ್ಣಿಗೆ ಬೀಳುತ್ತದೆ. ಬರೆಯುವ ತಂತ್ರಾಂಶ ಎಚ್ಚರ ತಪ್ಪಿದರೆ ಜನರ ಫೋನ್ ನಂಬರು, ವಿಳಾಸ, ಪಾಸ್‌ವರ್ಡು ಎಲ್ಲ ಲಾಗಿಗೆ ಬಂದು ಬೀಳುತ್ತವೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಬಳಕೆದಾರರಿಗೆಲ್ಲ ಪಾಸ್‌ವರ್ಡು ಬದಲಿಸಿಕೊಳ್ಳಿ ಎಂದು ಹೇಳಬೇಕಾಗಿ ಬಂದದ್ದು ಇದರಿಂದಲೇ. ಮುಚ್ಚಿಡಬೇಕಿದ್ದ ಪಾಸ್‌ವರ್ಡುಗಳನ್ನು ಒಳಗಿನ ಲಾಗೊಂದು ಇದ್ದಂತೆಯೇ ಬರೆದುಕೊಂಡಿತ್ತು. ಕಾಕೂ ಕಿಟಕಿಯಿಂದ ಇಣುಕಿದಾಗ ನಾನು ಪರದೆ ಮಡಚುವುದು ಗತ್ತಿಗಲ್ಲ.

ಇನ್ನು ಮಾಮಾನ ‘ಈಗ’. ಟೇಲ್‌ಗೆ ಗೊತ್ತಿರುವುದು ಕೊನೆ ಮಾತ್ರ. ಈಗ ಎಂಬುದು ಅದಕ್ಕೆ ಗೊತ್ತಿಲ್ಲ. ಯಂತ್ರದ ಬ್ಯಾಟರಿ ಸತ್ತರೂ, ಸಿಮ್ಮಿನ ರೀಚಾರ್ಜು ಮುಗಿದರೂ, ಫೈಲಿನ ಕೊನೆಯಲ್ಲಿ ಇಪ್ಪತ್ತು ಸಾಲು ಇದ್ದೇ ಇರುತ್ತವೆ. ಹೋದ ವಾರದ್ದಾಗಿದ್ದರೂ ಅದೇ ನಂಬಿಗಸ್ತ ಮುಖ ಹೊತ್ತು ಬರುತ್ತವೆ. ಬಬಲೇಶ್ವರದ ಕಡೆಯ ಒಬ್ಬರ ಪಡದಲ್ಲಿ ಹೀಗೇ ಆಗಿತ್ತು: ಯಂತ್ರ ನಿಂತು ನಾಲ್ಕೈದು ದಿನವಾದರೂ ಅವರ ಫೋನಿಗೆ ದಿನಾ ಬೆಳಗ್ಗೆ ‘ಎಲೆ ಒಣ’ ಎಂದೇ ಬರುತ್ತಿತ್ತು. ಹೊರಗೆ ಮೋಡ ಕಟ್ಟಿತ್ತು. ಅವರು ಎಲೆ ಮುಟ್ಟಿ ನೋಡುವ ಹಳೆಯ ರೂಢಿ ಬಿಟ್ಟಿರಲಿಲ್ಲ, ಪಡ ಉಳಿಯಿತು.

ಆದ್ದರಿಂದ ನನ್ನ ಸ್ಕ್ರಿಪ್ಟು ಎಲೆ ಹಸಿಯೋ ಒಣವೋ ಎಂದು ನೋಡುವ ಮೊದಲು ಕೊನೆಯ ಪೂರ್ತಿ ಸಾಲಿನ ಸಮಯ ನೋಡುತ್ತದೆ. ಅದಕ್ಕೆ ಐದೂವರೆ ತಾಸು ಕೂಡಿಸಿ, ನನ್ನ ಗಡಿಯಾರದೊಂದಿಗೆ ತಾಳೆ ಹಾಕಿ, ನಡುವೆ ಮುಕ್ಕಾಲು ತಾಸಿಗಿಂತ ಹೆಚ್ಚು ಅಂತರ ಕಂಡರೆ ಎಲೆಯ ವಿಷಯ ಎತ್ತುವುದೇ ಇಲ್ಲ. ಎಸ್‌ಎಸ್‌ಎಚ್ ಕೊಂಡಿಯೇ ಕೂಡದಿದ್ದರೆ ಅದಕ್ಕೆ ಬೇರೆ ಮಾತು, ಫೈಲು ಖಾಲಿ ಬಂದರೆ ಮತ್ತೊಂದು. ಈ ಮೂರು ಸಂಗತಿಗಳನ್ನು ಒಂದೇ ‘ಏನೋ ತೊಂದರೆ’ ಎಂಬ ಮಾತಿಗೆ ಇಳಿಸುವ ಸ್ಕ್ರಿಪ್ಟು ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಪಡದಲ್ಲಿರುವವನಿಗೆ ಏಣಿ ಹಾಕಿ ಸೌರಫಲಕ ಒರೆಸಬೇಕೋ, ರೀಚಾರ್ಜು ಮಾಡಿಸಬೇಕೋ, ನನಗೆ ಫೋನು ಹಚ್ಚಬೇಕೋ ಅದರಿಂದಲೇ ತಿಳಿಯಬೇಕಲ್ಲ.

ಸಂದೇಶದ ಒಕ್ಕಣೆ ಮಾಮಾನದೇ. ನಾನು ‘ದತ್ತಾಂಶ ಲಭ್ಯವಿಲ್ಲ’ ಎಂದು ಬರೆದಿದ್ದೆ. “ಇದ್ಯಾವ ಸರಕಾರಿ ನೋಟೀಸವ್ವಾ? ನಾ ಹೇಳ್ತೀನಿ, ಬರಕೋ” ಎಂದು ಹೇಳಿ ಬರೆಸಿದರು. ಈಗ ಯಂತ್ರ ಸುಮ್ಮನಾದ ದಿನ ಬೆಳಗ್ಗೆ ಐದೂವರೆಗೆ ಅವರ ಫೋನಿಗೆ ಬರುವುದು ಹೀಗೆ: “ಯಂತ್ರ ಮಾತಾಡವಲ್ದು. ಕಡೀ ಸುದ್ದಿ ರಾತ್ರಿ 2:15ರದು. ಎಲಿ ನೀವ ಮುಟ್ಟಿ ನೋಡ್ರಿ.”